ಲೆಕ್ಕ ಮುಗಿಸಿದ ಹುಡುಗ

ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿದ ಹುಡುಗನ ಪಾಡೇನು? ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಓದಿದವರಿಗೆ ಉತ್ತರ ಗೊತ್ತಿದೆ. ಆತನ ಕೈಗೆ ಸೀಮೆಸುಣ್ಣ ಬರುತ್ತದೆ; ಗಲಾಟೆ ಮಾಡುವವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯುವ ಅಧಿಕಾರ ಬರುತ್ತದೆ. ಮುಂದಿನ ಪಾಠ ಮಾತ್ರ ಬರುವುದಿಲ್ಲ.

ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಬ್ಯೂಟ್ನರ್ ಎಂಬ ಉಪಾಧ್ಯಾಯರೂ ಮೊದಲಿಗೆ ಬೇರೆ ಬಗೆಯವರೇನೂ ಆಗಿರಲಿಲ್ಲ. ಕೈಯಲ್ಲಿ ಚಾವಟಿ, ಎದುರಿಗೆ ನೂರರಷ್ಟು ಹುಡುಗರು. 1780ರ ದಶಕದಲ್ಲಿ ಒಂದು ದಿನ ಅವರು ಕೊಟ್ಟ ಉದ್ದನೆಯ ಸಂಕಲನದ ಲೆಕ್ಕಕ್ಕೆ ಪೋರನೊಬ್ಬ ಕ್ಷಣಮಾತ್ರದಲ್ಲಿ ಉತ್ತರ ಬರೆದು ಸ್ಲೇಟನ್ನು ಮೇಜಿನ ಮೇಲಿಟ್ಟ. ಆತನೇ 1777ರಲ್ಲಿ ಹುಟ್ಟಿದ ಗೌಸ್, ಮುಂದೆ ಗಣಿತಜ್ಞರಿಗೆಲ್ಲ ಅರಸನೆನಿಸಿದವನು. ಒಂದರಿಂದ ನೂರರವರೆಗಿನ ಮೊತ್ತ 5050 ಎಂಬ ವಿವರವನ್ನು ಸೇರಿಸಿದವರು ಅನಂತರದವರು, ಅದಿರಲಿ. ಕಥೆ ಹೇಳುವವರು ಹುಡುಗನ ಜಾಣ್ಮೆಗೆ ತಲೆದೂಗಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಉಪಾಧ್ಯಾಯರ ಕಥೆ ಆರಂಭವಾಗುವುದು ಆಮೇಲೆ.

ಬ್ಯೂಟ್ನರ್ ಹ್ಯಾಂಬರ್ಗಿನಿಂದ ಮೇಲ್ಮಟ್ಟದ ಅಂಕಗಣಿತದ ಪುಸ್ತಕವೊಂದನ್ನು ತರಿಸಿ ಬಾಲಕನಿಗೆ ಕೊಟ್ಟರು. ಅದೂ ಸಾಲದಾದಾಗ, ಇವನಿಗೆ ಕಲಿಸಲು ತಮ್ಮಲ್ಲಿ ಇನ್ನೇನೂ ಉಳಿದಿಲ್ಲವೆಂದು ಒಪ್ಪಿಕೊಂಡರಂತೆ. ಚಾವಟಿ ಹಿಡಿದವರ ಬಾಯಿಂದ ಬರುವ ಮಾತೇ ಇದು! ಶಾಲೆಯಲ್ಲಿ ಗರಿಯ ಲೇಖನಿಗಳನ್ನು ಹೆರೆದುಕೊಡುತ್ತಿದ್ದ ಸಹಾಯಕ ಬಾರ್ಟೆಲ್ಸ್ ಗೌಸನಿಗಿಂತ ಎಂಟೇ ವರ್ಷ ಹಿರಿಯ. ಇಬ್ಬರೂ ಜೊತೆಯಲ್ಲಿ ಕುಳಿತು ದ್ವಿಪದ ಪ್ರಮೇಯದವರೆಗೂ ಓದಿದರು. (ಈ ಬಾರ್ಟೆಲ್ಸನೇ ಮುಂದೆ ರಷ್ಯದ ಕಜಾನಿನಲ್ಲಿ ಲೊಬಚೆವ್‌ಸ್ಕಿಗೆ ಗುರುವಾದ.)

ಪುಸ್ತಕ ಬಂತು, ಜೊತೆಗಾರ ಸಿಕ್ಕ, ಬಿಡುವೆಲ್ಲಿಂದ ಬರಬೇಕು? ತಂದೆ ಕೂಲಿನಾಲಿ ಮಾಡುವ ಬಡವ. ಸಂಜೆಯಾದರೆ ಹುಡುಗ ಅಗಸೆನಾರಿನ ನೂಲು ತೆಗೆಯಬೇಕು. ಅದರಿಂದ ಮನೆಗೆ ನಾಲ್ಕು ಕಾಸು. ಉಪಾಧ್ಯಾಯರು ತಂದೆಯೊಡನೆ ಮಾತನಾಡಿ ಆ ಕೆಲಸವನ್ನು ತಪ್ಪಿಸಿದರು. ರಾಟೆ ಒಲೆಗೆ ಸೌದೆಯಾಯಿತೆಂದೂ ಹೇಳುತ್ತಾರೆ.

ಪ್ರತಿಭಾವಂತ ಮಕ್ಕಳಿಗೆ ಪ್ರತ್ಯೇಕ ಕಲಿಕಾ ಯೋಜನೆ ಎಂದು ಶಿಕ್ಷಣತಜ್ಞರು ಇಂದು ಕರೆಯುವುದರ ತಿರುಳು ಇಷ್ಟೇ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಲಿ-ಕಲಿ ಪದ್ಧತಿ ಇದಕ್ಕೆ ಹತ್ತಿರದ್ದು. ಅದರಲ್ಲಿ ಪ್ರತಿಯೊಂದು ಮಗುವೂ ಕಲಿಕೆಯ ಏಣಿಯನ್ನು ತನ್ನದೇ ವೇಗದಲ್ಲಿ ಹತ್ತಬಹುದು. ಆದರೆ ಆ ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕರಿಂದ ಎಲ್ಲರಿಗೂ ಒಂದೇ ಪುಟ. ಅಲ್ಲಿ ಆ ಹ್ಯಾಂಬರ್ಗಿನ ಪುಸ್ತಕವನ್ನು ಎಲ್ಲಿಂದ ತರಿಸುವುದು, ಊರಿನ ಪ್ರೌಢಶಾಲೆಯ ಯಾವ ಹುಡುಗನನ್ನು, ಯಾವ ಹುಡುಗಿಯನ್ನು ಪಕ್ಕದಲ್ಲಿ ಕೂರಿಸುವುದು ಎಂಬುದನ್ನು ಆಯಾ ಶಾಲೆಯ ಉಪಾಧ್ಯಾಯರೇ ಯೋಚಿಸಬೇಕಾಗಿದೆ.