ಹರೆಯದವರ ಬುತ್ತಿಯ ಲೆಕ್ಕ

ಮಧ್ಯಾಹ್ನದ ಮೇಲೆ ಪ್ರಯೋಗದ ತರಗತಿಗಳನ್ನು ನಡೆಸುವ ಅಧ್ಯಾಪಕರೆಲ್ಲರಿಗೂ ಒಂದು ಅನುಭವ ಉಂಟು. ಎರಡು ಗಂಟೆಗೆ ಲೋಲಕವನ್ನು ತೂಗಬಿಟ್ಟು ಐವತ್ತು ಆಂದೋಲನಗಳನ್ನು ಎಣಿಸತೊಡಗಿದ ವಿದ್ಯಾರ್ಥಿ ಮೂವತ್ತರ ಹೊತ್ತಿಗೆ ಲೆಕ್ಕ ತಪ್ಪುತ್ತಾನೆ. ಅದನ್ನು ನಾವು ಅಲಕ್ಷ್ಯವೆಂದು ಕರೆದು ಗದರುತ್ತೇವೆ. ನಾನೂ ಕೆಲವು ವರ್ಷ ಹೀಗೆ ಗದರಿದವನೇ. ಕಳೆದ ವರ್ಷ ಒಂದು ದಿನ ಪದವಿಪೂರ್ವ ತರಗತಿಯ ಹುಡುಗಿಯೊಬ್ಬಳು ಮೇಜಿನ ಅಂಚನ್ನು ಹಿಡಿದುಕೊಂಡು ಮೆಲ್ಲನೆ ನೆಲಕ್ಕೆ ಕುಸಿದಳು. ಅವಳಿಗೆ ಎಚ್ಚರವಾದ ಮೇಲೆ ನಮ್ಮ ಪ್ರಯೋಗಶಾಲೆಯ ಹಿರಿಯ ಪರಿಚಾರಕರು, "ಬೆಳಗ್ಗೆ ಏನು ತಿಂದಿದ್ದೆ ತಾಯಿ?" ಎಂದು ಕೇಳಿದರು. "ಟೀ ಕುಡಿದಿದ್ದೆ ಅಣ್ಣಾ, ಬಸ್ಸು ಆರೂವರೆಗೇ ಬರುತ್ತದೆ" ಎಂದಳು. ಮಧ್ಯಾಹ್ನ? ಒಂದು ಬನ್ನು, ಅದರೊಡನೆ ಮತ್ತೆ ಟೀ.

ವೈದ್ಯನಲ್ಲದ ನಾನು ಆಹಾರದ ವಿಷಯವಾಗಿ ಬರೆಯಹೊರಟಿರುವುದಕ್ಕೆ ಈ ಘಟನೆಯೇ ಕಾರಣ. ಭೌತಶಾಸ್ತ್ರದವನಿಗೆ ಇಂಥ ಸಂದರ್ಭದಲ್ಲಿ ಮೊದಲು ತೋರುವುದು ಶಕ್ತಿಯ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ 2020ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಕೋಷ್ಟಕದಂತೆ, 16ರಿಂದ 18 ವಯಸ್ಸಿನ ಹುಡುಗಿಗೆ ದಿನವೊಂದಕ್ಕೆ ಸುಮಾರು 2500 ಕಿಲೋಕ್ಯಾಲೊರಿ ಬೇಕು. ಅದೇ ವಯಸ್ಸಿನ ಹುಡುಗನಿಗೆ 3320. ಇದನ್ನು ಜೂಲುಗಳಿಗೆ ಪರಿವರ್ತಿಸಿ ದಿನದ 86,400 ಸೆಕೆಂಡುಗಳಿಂದ ಭಾಗಿಸಿದರೆ ಹುಡುಗಿಗೆ ಸುಮಾರು 120 ವಾಟ್, ಹುಡುಗನಿಗೆ 160 ವಾಟ್ ಬರುತ್ತದೆ. ಹಿಂದಿನ ಕಾಲದ ತಂತಿಬಲ್ಬು ಒಂದನ್ನು ಹಗಲೂ ರಾತ್ರಿ ಉರಿಸಿಟ್ಟಂತೆ! ತರಗತಿಯಲ್ಲಿ ಈ ಮಾತು ಹೇಳಿದಾಗ ಹುಡುಗರು ನಗುತ್ತಾರೆ, ಉದಾಹರಣೆ ಸೊಗಸಾದದ್ದೇ. ಆದರೆ ದೇಹವನ್ನು ಬರಿಯ ದೀಪವೆಂದು ಭಾವಿಸುವುದರಿಂದ ಆಗುವ ತಪ್ಪು ಎಷ್ಟು ದೊಡ್ಡದೆಂಬುದು ನನಗೆ ತಿಳಿದದ್ದು ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿದಾಗ.

ನಮ್ಮ ಹುಡುಗಿ ತನ್ನ 2500 ಕಿಲೋಕ್ಯಾಲೊರಿಯನ್ನೂ ಬಿಳಿಯ ಅಕ್ಕಿಯಿಂದಲೇ ಪಡೆಯುವಳೆಂದು ಇಟ್ಟುಕೊಳ್ಳೋಣ. ಏಳುನೂರು ಗ್ರಾಂ ಅಕ್ಕಿ ಸಾಕು. ಇಂಧನದ ಲೆಕ್ಕ ಮುಗಿಯಿತು, ಹೊಟ್ಟೆಯೂ ತುಂಬಿತು. ಇನ್ನು ಉಳಿದ ಅಂಶಗಳನ್ನು ನೋಡಬೇಕು. ಅದೇ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಸಂಯೋಜನೆಯ ಕೋಷ್ಟಕಗಳ ಪ್ರಕಾರ ಅಷ್ಟು ಅಕ್ಕಿಯಲ್ಲಿರುವ ಸುಣ್ಣಾಂಶ ಸುಮಾರು 50 ಮಿಲಿಗ್ರಾಂ. ಅವಳಿಗೆ ಬೇಕಾದದ್ದು 1050. ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ, ಬೇಕಾದದ್ದು 32. ಸಸಾರಜನಕದ ಸ್ಥಿತಿ ಮಾತ್ರ ವಿಚಿತ್ರವಾಗಿದೆ. ತೂಕ ನೋಡಿದರೆ 55 ಗ್ರಾಂ ಸಿಕ್ಕಿತು, ಬೇಕಾದದ್ದು 46. ಲಾಭವೇ ಆಯಿತೆಂದು ತೋರುತ್ತದೆ. ಆದರೆ ಅಕ್ಕಿಯ ಸಸಾರಜನಕದಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕೊರತೆ. ಬೇಳೆಯಲ್ಲಿ ಅದು ಧಾರಾಳವಾಗಿದೆ; ಬೇಳೆಗೆ ಕೊರತೆಯಾದ ಮಿಥಿಯೋನೀನ್ ಅಕ್ಕಿಯಲ್ಲಿದೆ. ಅನ್ನ ಹುಳಿಗಳನ್ನು ಕಲಸಿ ಉಂಡ ನಮ್ಮ ಹಿರಿಯರಿಗೆ ಈ ಹೆಸರುಗಳು ತಿಳಿದಿರಲಿಲ್ಲ. ಊಟ ಮಾತ್ರ ಸರಿಯಾಗಿತ್ತು. ಇಂದಿನ ಬನ್ನು ಟೀಗಳಲ್ಲಿ ಆ ಜೊತೆ ತಪ್ಪಿಹೋಗಿದೆ.

ಈ ಎಲ್ಲ ಕೊರತೆಗಳಲ್ಲಿ ಕಬ್ಬಿಣದ ಕೊರತೆಯೇ ಹರೆಯದವರನ್ನು, ಅದರಲ್ಲಿಯೂ ಹುಡುಗಿಯರನ್ನು, ಹೆಚ್ಚಾಗಿ ಬಾಧಿಸುವುದು. ವಯಸ್ಕರ ದೇಹದಲ್ಲಿರುವ ಕಬ್ಬಿಣವೆಲ್ಲ ಸೇರಿದರೂ ಮೂರು ನಾಲ್ಕು ಗ್ರಾಂ ಮೀರದು. ಒಂದು ಸಣ್ಣ ಮೊಳೆಯಷ್ಟು. ಅದರ ಬಹುಪಾಲು ರಕ್ತದ ಕೆಂಪು ಕಣಗಳಲ್ಲಿನ ಹಿಮೋಗ್ಲೋಬಿನ್‌ನಲ್ಲಿದೆ. ಪ್ರತಿಯೊಂದು ಅಣುವಿನಲ್ಲಿ ನಾಲ್ಕು ಕಬ್ಬಿಣದ ಪರಮಾಣುಗಳಿದ್ದು, ಒಂದೊಂದೂ ಆಮ್ಲಜನಕದ ಒಂದೊಂದು ಅಣುವನ್ನು ಹೊತ್ತೊಯ್ಯುತ್ತದೆ. ಹೊರುವ ಆಳುಗಳು ಕಡಿಮೆಯಾದರೆ ಆಮ್ಲಜನಕ ಶ್ವಾಸಕೋಶದಲ್ಲಿ ಎಷ್ಟಿದ್ದರೇನು, ಸ್ನಾಯುವಿಗೂ ಮಿದುಳಿಗೂ ಸಾಕಷ್ಟು ತಲಪದು. ಬಲ್ಬಿನ ಉಪಮೆ ಸೋಲುವುದು ಇಲ್ಲಿಯೇ. ಇಂಧನವಿದ್ದೂ ಗಾಳಿಯಿಲ್ಲದ ಒಲೆಯಂತಾಗುತ್ತದೆ ದೇಹ. ಮೆಟ್ಟಿಲು ಹತ್ತುವಾಗ ಏದುಸಿರು, ಪಾಠದಲ್ಲಿ ತೂಕಡಿಕೆ, ಕಾರಣವಿಲ್ಲದ ಸಿಡುಕು, ಇವೆಲ್ಲ ಅದರ ಗುರುತುಗಳಾಗಿರಬಹುದು.

ಹುಡುಗಿಯರಿಗೇಕೆ ಹೆಚ್ಚು? ಸಂಕೋಚವನ್ನು ಬದಿಗಿಟ್ಟು ಒಂದು ಸರಳ ಲೆಕ್ಕ ಮಾಡೋಣ. ತಿಂಗಳ ಋತುಸ್ರಾವದಲ್ಲಿ 35 ಮಿಲಿಲೀಟರ್ ರಕ್ತ ಹೋಗುವುದೆಂದರೆ, ಅದರೊಡನೆ ಸುಮಾರು 14 ಮಿಲಿಗ್ರಾಂ ಕಬ್ಬಿಣವೂ ಹೋಗುತ್ತದೆ. ದಿನಕ್ಕೆ ಅರ್ಧ ಮಿಲಿಗ್ರಾಂ! ಇದೇನು ಮಹಾ ಎನಿಸಬಹುದು. ಆದರೆ ನಮ್ಮ ಧಾನ್ಯಪ್ರಧಾನವಾದ ಊಟದಲ್ಲಿರುವ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳುವುದು ನೂರಕ್ಕೆ ಎಂಟರಷ್ಟು ಎಂದು ಎಣಿಸುವುದು ರೂಢಿ. ಆ ಅರ್ಧ ಮಿಲಿಗ್ರಾಂ ತುಂಬಿಬರಬೇಕಾದರೆ ತಟ್ಟೆಯಲ್ಲಿ ಆರು ಮಿಲಿಗ್ರಾಂ ಹೆಚ್ಚಾಗಿರಬೇಕು. ಕೋಷ್ಟಕದಲ್ಲಿ ಹುಡುಗನಿಗೆ 26, ಹುಡುಗಿಗೆ 32, ವ್ಯತ್ಯಾಸ ಆರೇ. (ಬೆಳವಣಿಗೆಯ ವೇಗದ ಭೇದವೂ ಅದರಲ್ಲಿ ಸೇರಿರುವುದರಿಂದ ಈ ಹೊಂದಿಕೆಯನ್ನು ನಾನು ಪ್ರಮಾಣವೆಂದು ಹೇಳಲಾರೆ, ಆದರೂ ಲೆಕ್ಕ ಹೀಗೆ ಕೂಡಿಬಂದಾಗ ಮೇಷ್ಟರಿಗೆ ಸಂತೋಷವಾಗುವುದು ಸಹಜ.)

2019ರಿಂದ 21ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೂ ಹುಡುಗರಲ್ಲಿ 31 ಮಂದಿಗೂ ರಕ್ತಹೀನತೆ ಕಂಡುಬಂದಿತು. 2016ರಿಂದ 18ರವರೆಗೆ ನಡೆದ ಮತ್ತೊಂದು ರಾಷ್ಟ್ರೀಯ ಪೋಷಣ ಸಮೀಕ್ಷೆಯಲ್ಲಿ 10ರಿಂದ 19 ವಯಸ್ಸಿನವರ ಪೈಕಿ ಹುಡುಗಿಯರಲ್ಲಿ 40, ಹುಡುಗರಲ್ಲಿ 18. ಇಷ್ಟು ಅಂತರವೇಕೆ? ವಯಸ್ಸಿನ ಗುಂಪು ಬೇರೆ ಎಂಬುದು ಒಂದು. ಅಳತೆಯ ವಿಧಾನ ಬೇರೆ ಎಂಬುದು ಇನ್ನೊಂದು. ಮೊದಲಿನದರಲ್ಲಿ ಬೆರಳನ್ನು ಚುಚ್ಚಿ ತೆಗೆದ ಹನಿ, ಎರಡನೆಯದರಲ್ಲಿ ರಕ್ತನಾಳದಿಂದ ಸೂಜಿಯಲ್ಲಿ ಸೆಳೆದ ರಕ್ತ. ಬೆರಳನ್ನು ಹಿಂಡಿದರೆ ಹನಿಯೊಡನೆ ಅಂಗಾಂಶದ ದ್ರವವೂ ಬೆರೆತು ಪರೀಕ್ಷೆಯ ಫಲ ಏರುಪೇರಾಗಬಹುದು. ಉಪಕರಣದ ದೋಷವನ್ನು ವಿಚಾರಿಸದೆ ಅಂಕಿಯನ್ನು ನಂಬಬಾರದೆಂದು ನಾವು ದಿನವೂ ಬೋಧಿಸುತ್ತೇವಷ್ಟೆ. ಆದರೆ ಇಲ್ಲಿ ಚಿಕ್ಕ ಅಂಕಿಯನ್ನೇ ಹಿಡಿದರೂ ಐದು ಹುಡುಗಿಯರಲ್ಲಿ ಇಬ್ಬರು! ಅರವತ್ತು ಹುಡುಗಿಯರಿರುವ ತರಗತಿಯಲ್ಲಿ ಇಪ್ಪತ್ತನಾಲ್ಕು ಮಂದಿ. ಅವರನ್ನೇ ನಾವು ಅಲಕ್ಷ್ಯದವರೆಂದು ಗದರುತ್ತಿರುವುದು.

ಪರಿಹಾರದ ಮಾತು ಬಂದಾಗ ಎರಡು ಬಗೆಯ ಉತ್ಸಾಹಿಗಳು ಎದುರಾಗುತ್ತಾರೆ. ಡಬ್ಬಿಯಲ್ಲಿ ಬರುವ ಪುಷ್ಟಿಪುಡಿಗಳನ್ನು ಹಾಲಿಗೆ ಕಲಸಿ ಕೊಟ್ಟರೆ ಎಲ್ಲವೂ ಸರಿಹೋಗುವುದೆಂದು ಒಂದು ಪಕ್ಷದವರು ನಂಬಿದ್ದಾರೆ. ಇಂಥ ಹಲವು ಡಬ್ಬಿಗಳ ಹಿಂಬದಿಯ ಸಣ್ಣ ಅಕ್ಷರವನ್ನು ಓದಿದರೆ ಸಕ್ಕರೆ ಎಷ್ಟಿದೆಯೆಂಬುದು ತಿಳಿಯುತ್ತದೆ. ಇನ್ನೊಂದು ಪಕ್ಷದವರಿಗೆ ರಾಗಿಯೇ ಸರ್ವರೋಗಗಳಿಗೂ ಮದ್ದು. ಮುದ್ದೆಯ ಸೀಮೆಯಲ್ಲಿ ಹುಟ್ಟಿದ ನನಗೆ ರಾಗಿಯ ಮೇಲೆ ಪ್ರೀತಿ ಕಡಿಮೆಯೇನಿಲ್ಲ. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣಾಂಶವಿದೆ, ಅಕ್ಕಿಯಲ್ಲಿರುವುದು ಏಳೆಂಟು. ನೂರೈವತ್ತು ಗ್ರಾಂ ಹಿಟ್ಟಿನ ಮುದ್ದೆ ಉಂಡವನಿಗೆ ದಿನದ ಸುಣ್ಣಾಂಶದಲ್ಲಿ ಅರ್ಧ ದೊರೆಯಿತು. ಮೂಳೆಗಳು ಬಲಿಯುವ ಕಾಲ ಇಪ್ಪತ್ತರ ಆಚೀಚೆಗೆ ಬಹುಮಟ್ಟಿಗೆ ಮುಗಿಯುವುದರಿಂದ ಇದು ಅಲ್ಪ ಉಪಕಾರವಲ್ಲ. ಆದರೆ ಕಬ್ಬಿಣದಲ್ಲಿ ರಾಗಿಯ ಕೀರ್ತಿ ಅದರ ಯೋಗ್ಯತೆಗಿಂತ ದೊಡ್ಡದು. ನೂರು ಗ್ರಾಂನಲ್ಲಿ ಇರುವುದು ನಾಲ್ಕೂವರೆ ಮಿಲಿಗ್ರಾಂಗೆ ಸ್ವಲ್ಪ ಮಿಕ್ಕಿ, ಅಷ್ಟೇ. ಅದನ್ನೂ ಫೈಟೇಟ್ ಎಂಬ ವಸ್ತು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುವುದರಿಂದ, ಮೊಳಕೆಯ ರಾಗಿಯನ್ನು ಒಣಗಿಸಿ ಹುರಿದು ಹಿಟ್ಟು ಮಾಡುವ ನಮ್ಮ ಅಜ್ಜಿಯರ ಪದ್ಧತಿಗೆ ಶಾಸ್ತ್ರದ ಸಮ್ಮತಿ ಉಂಟು.

ತಿಂದದ್ದರಲ್ಲಿ ದೇಹಕ್ಕೆ ದಕ್ಕುವುದೆಷ್ಟು ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ. ಯಂತ್ರದ ವಿಷಯದಲ್ಲಿ ನಾವು ದಕ್ಷತೆ ಎನ್ನುತ್ತೇವೆ. ಧಾನ್ಯ, ಬೇಳೆ, ಸೊಪ್ಪುಗಳ ಕಬ್ಬಿಣವನ್ನು 'ಸಿ' ಜೀವಸತ್ತ್ವ ಹೀರಲು ಸುಲಭವಾದ ರೂಪಕ್ಕೆ ತರುತ್ತದೆ. ಟೀಯಲ್ಲಿರುವ ಒಗರು ಪದಾರ್ಥಗಳು ಅದನ್ನೇ ಕಟ್ಟಿಹಾಕುತ್ತವೆ. ಮಾಂಸ ಮೀನುಗಳಲ್ಲಿನ ಕಬ್ಬಿಣಕ್ಕೆ ಈ ತೊಡಕು ಕಡಿಮೆ. ತಿನ್ನುವ ಮನೆಗಳಲ್ಲಿ ಅದು ಹುಡುಗಿಯ ತಟ್ಟೆಗೂ ಸಮವಾಗಿ ಬೀಳುತ್ತದೆಯೇ ಎಂದು ಮಾತ್ರ ಕೇಳಬೇಕು. ಬನ್ನಿನೊಡನೆ ಟೀ ಕುಡಿದ ಹುಡುಗಿ ತನಗೆ ಸಿಕ್ಕ ಅಲ್ಪ ಕಬ್ಬಿಣವನ್ನೂ ತಾನಾಗಿ ಬಿಟ್ಟುಕೊಟ್ಟಳು. ಊಟಕ್ಕೂ ಟೀಗೂ ಒಂದು ಗಂಟೆಯ ಅಂತರವಿಟ್ಟು, ಸೊಪ್ಪಿನ ಪಲ್ಯಕ್ಕೆ ಒಲೆಯಿಂದಿಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಬುತ್ತಿಯೊಡನೆ ಒಂದು ಸೀಬೆಹಣ್ಣನ್ನೋ ನೆಲ್ಲಿಕಾಯಿಯನ್ನೋ ಇಟ್ಟುಕೊಂಡರೆ ಹೆಚ್ಚಿನ ಖರ್ಚಿಲ್ಲ. ಸೀಬೆಯಲ್ಲಿ 'ಸಿ' ಜೀವಸತ್ತ್ವ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು. ಆದರೂ ಕಾಯಿಲೆಯವರನ್ನು ನೋಡಲು ಹೋಗುವವರು ಒಯ್ಯುವುದು ಕಿತ್ತಳೆಯನ್ನೇ!

ಈಗಾಗಲೇ ರಕ್ತಹೀನತೆ ಬಂದವರಿಗೆ ಆಹಾರವೊಂದೇ ಸಾಲದು, ಮಾತ್ರೆ ಬೇಕಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹರೆಯದವರಿಗೆ ವಾರಕ್ಕೊಂದು ನೀಲಿ ಮಾತ್ರೆಯನ್ನು ಗೊತ್ತುಮಾಡಿದರು; ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣವೂ ಫೋಲಿಕ್ ಆಮ್ಲವೂ ಇವೆ. ಹೊಟ್ಟೆ ತೊಳೆಸುವುದೆಂದು ಅದನ್ನು ಕಿಟಕಿಯಿಂದಾಚೆಗೆ ಎಸೆಯುವವರನ್ನು ನಾನು ಕಂಡಿದ್ದೇನೆ. ಬರಿಹೊಟ್ಟೆಯಲ್ಲಿ ನುಂಗಿದವರಿಗೆ ತೊಳೆಸುವುದೇನು ಆಶ್ಚರ್ಯ? ಮಾತ್ರೆ ಕೊಡುವವರು ಮೊದಲು ಊಟವಾಯಿತೇ ಎಂದು ವಿಚಾರಿಸಬೇಕು.

ನನ್ನ ಮುಖ್ಯವಾದ ಮನವಿ ಇದಕ್ಕೇ ಸಂಬಂಧಿಸಿದ್ದು. ನಮ್ಮ ರಾಜ್ಯದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳ ಸಣ್ಣ ತರಗತಿಗಳಲ್ಲಿ ಊಟ ಬಡಿಸತೊಡಗಿ, ಕೆಲವೇ ವರ್ಷಗಳಲ್ಲಿ ರಾಜ್ಯದಾದ್ಯಂತ ಹಬ್ಬಿ 10ನೆಯ ತರಗತಿಯವರೆಗೆ ಏರಿತು. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಆ ಬಿಸಿಯೂಟವನ್ನು ಉಂಡು ಬೆಳೆದವರು. ಅವರು ಹದಿನಾರನೆಯ ವಯಸ್ಸಿನಲ್ಲಿ ನಮ್ಮ ಕಾಲೇಜಿಗೆ ಕಾಲಿಟ್ಟ ದಿನ ಆ ತಟ್ಟೆ ಮಾಯವಾಗುತ್ತದೆ. ಕೋಷ್ಟಕವನ್ನು ಮತ್ತೊಮ್ಮೆ ನೋಡಿ: ಸುಣ್ಣಾಂಶವೂ ಕಬ್ಬಿಣವೂ ಹಿಂದಿನ ಎಲ್ಲ ವರ್ಷಗಳಿಗಿಂತ ಹೆಚ್ಚಾಗಿ ಬೇಕಾಗುವುದು ಆ ವಯಸ್ಸಿನಲ್ಲಿ. ಬಸ್ಸು ದೂರವಾಗುವುದೂ ಬೆಳಗಿನ ತಿಂಡಿ ತಪ್ಪುವುದೂ ಆಗಲೇ. ಆದುದರಿಂದ ನಮ್ಮಂಥ ಕಾಲೇಜುಗಳಿಗೂ ಆ ಅಡುಗೆಮನೆಯನ್ನು ವಿಸ್ತರಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ. ದೊಡ್ಡವರಾದ ಹುಡುಗರು ಸಾಲಿನಲ್ಲಿ ನಿಂತು ತಟ್ಟೆ ಹಿಡಿಯಲು ನಾಚುವರೆಂದು ನಮ್ಮ ಸಹೋದ್ಯೋಗಿಗಳೊಬ್ಬರು ಆಕ್ಷೇಪಿಸಿದರು. ಜಾತ್ರೆಯ ದಾಸೋಹದಲ್ಲಿ ಪಂಕ್ತಿಗೆ ಕೂರಲು ನಾಚದವರು ಇಲ್ಲೇಕೆ ನಾಚಿಯಾರು? ಅಧ್ಯಾಪಕರೂ ಅದೇ ಸಾಲಿನಲ್ಲಿ ನಿಂತರಾಯಿತು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ವೇಳಾಪಟ್ಟಿ. ಮಧ್ಯಾಹ್ನದ ಬಿಡುವು ಇಪ್ಪತ್ತೈದು ನಿಮಿಷವಿದ್ದರೆ ಕೈತೊಳೆಯುವ ನಲ್ಲಿಯ ಮುಂದಿನ ಸಾಲಿನಲ್ಲೇ ಅದರ ಅರ್ಧ ಕಳೆಯುತ್ತದೆ. ನಮ್ಮ ವಿಭಾಗದಲ್ಲಿ ಈ ವರ್ಷ ಪ್ರಯೋಗವನ್ನು 2 ಗಂಟೆಗೆ ಬದಲಾಗಿ 2.20ಕ್ಕೆ ಆರಂಭಿಸಿದ್ದೇವೆ, ಪ್ರಯೋಗಗಳು ಒಂದೂ ಕಡಿಮೆಯಾಗಿಲ್ಲ. ಆ ಹುಡುಗಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಅವಳ ಹಿಮೋಗ್ಲೋಬಿನ್ ಡೆಸಿಲೀಟರಿಗೆ 9 ಗ್ರಾಂನ ಆಚೀಚೆ ಇತ್ತು, 12 ಇರಬೇಕಾದದ್ದು. ವೈದ್ಯರು ಕೊಟ್ಟ ಮಾತ್ರೆಗಳನ್ನು ಊಟವಾದ ಮೇಲೆ ನುಂಗುತ್ತಿದ್ದಾಳೆ. ಹಿಂದಿನ ರಾತ್ರಿಯೇ ಬೇಯಿಸಿಟ್ಟ ಹೆಸರುಕಾಳಿಗೆ ಬೆಳಗ್ಗೆ ನಿಂಬೆಹಣ್ಣು ಹಿಂಡಿ, ರೊಟ್ಟಿಯೊಡನೆ ಡಬ್ಬಿಗೆ ಹಾಕಿಕೊಂಡು ಆರೂವರೆಯ ಬಸ್ಸನ್ನೇ ಹತ್ತುತ್ತಾಳೆ. ಬಸ್ಸಿನ ವೇಳೆಯನ್ನು ಬದಲಾಯಿಸಬೇಕೆಂದು ನಾವು ಬರೆದುಕೊಂಡ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.