ಕಳೆಯೆಂದು ಕಿತ್ತೆಸೆಯುವ ಮುನ್ನ

'ಬೆಳೆಯ ನಡುವೆ ಬೇಡವಾಗಿ ಬೆಳೆಯುವ ಸಸ್ಯವೇ ಕಳೆ' ಎಂದು 30 ವರ್ಷ ತರಗತಿಯಲ್ಲಿ ಬರೆಯಿಸಿದವನು ನಾನು. ನಿಮ್ಮಲ್ಲನೇಕರು ಅದನ್ನು ಕಂಠಪಾಠ ಮಾಡಿ ಅಂಕಗಳನ್ನೂ ಪಡೆದಿರಿ. ಆ ಪಾಠಕ್ಕೆ ಇಂದು ತಿದ್ದುಪಡಿ ಬರೆಯಬೇಕಾಗಿದೆ.

ಈಚೆಗೆ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ವಂಶವಾಹಿಯನ್ನೇ ತಿದ್ದುವ ವಿದ್ಯೆ ಕೈಗೆ ಬಂದಿರುವಾಗ ಕಾಡುಹುಲ್ಲುಗಳನ್ನು ಕಾಪಾಡುವ ಖರ್ಚೇಕೆ ಸಾರ್?" ಎಂದು ಕೇಳಿದ. ಬುದ್ಧಿವಂತರ ಬಾಯಲ್ಲೇ ಇಂಥ ಮಾತು ಬರುವುದು ನನಗೆ ಹೆಚ್ಚಿನ ಆತಂಕ ತರುತ್ತದೆ.

ನಾವುಣ್ಣುವ ಚಪಾತಿಯ ಗೋಧಿಯಲ್ಲಿ 42 ವರ್ಣತಂತುಗಳಿವೆ. ಅವುಗಳಲ್ಲಿ 28 ನಮ್ಮ ಉತ್ತರ ಕರ್ನಾಟಕದ ಸದಕ ಗೋಧಿಯ ಬಳಗದಿಂದ ಬಂದವು. ಉಳಿದ 14 ಈಜಿಲಾಪ್ಸ್ ಟೌಶಿ ಎಂಬ ಕಾಡುಹುಲ್ಲಿನ ಕೊಡುಗೆ. ಸುಮಾರು ಎಂಟು-ಹತ್ತು ಸಾವಿರ ವರ್ಷಗಳ ಹಿಂದೆ, ಕ್ಯಾಸ್ಪಿಯನ್ ಸಮುದ್ರದ ದಕ್ಷಿಣದ ಕಡೆ, ಇವೆರಡೂ ತಾವಾಗಿ ಸಂಕರಗೊಂಡವು. ಅಂದಿನ ರೈತ ಹೊಲದ ಹುಲ್ಲನ್ನೆಲ್ಲ ನನ್ನ ಪಾಠದಂತೆ ಕಿತ್ತೆಸೆದಿದ್ದರೆ ಇಂದು ನಮ್ಮ ತಟ್ಟೆಯಲ್ಲಿ ಚಪಾತಿಯೇ ಇರುತ್ತಿರಲಿಲ್ಲ!

ಆ ಮದುವೆಗೆ ಒದಗಿದ ಹುಲ್ಲಿನ ಗಿಡಗಳಾದರೋ ಕೆಲವೇ ಕೆಲವು. ಬರ, ಉಪ್ಪುನೆಲ, ತುಕ್ಕುರೋಗಗಳನ್ನು ತಾಳಿಕೊಳ್ಳುವ ಅದರ ಕುಲದ ಬಹುಪಾಲು ಸಂಪತ್ತು ಗೋಧಿಯ ಹೊರಗೇ ಉಳಿಯಿತು. ಮೆಕ್ಸಿಕೋದ ಸಿಮ್ಮಿಟ್ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಆ ಮದುವೆಯನ್ನು ಮತ್ತೆ ಮತ್ತೆ ಮಾಡಿಸತೊಡಗಿದರು. ಚೀನಾದ ಸಿಚುವಾನ್‌ನಲ್ಲಿ 2003ರಲ್ಲಿ ಬಿಡುಗಡೆಯಾಗಿ, ಹಳದಿ ತುಕ್ಕನ್ನು ತಡೆದು ಒಳ್ಳೆಯ ಇಳುವರಿಯನ್ನೂ ಕೊಟ್ಟ ಚುವಾನ್‌ಮೈ 42 ಅಂಥ ಸಂಕರದ ಸಂತಾನ.

ಇದು ಸುಲಭದ ಕೆಲಸವೆಂದು ನಾನು ಹೇಳುತ್ತಿಲ್ಲ. ಕಾಡಿನ ನೆಂಟ ಬರುವಾಗ ಉದುರುವ ತೆನೆ, ಸಣ್ಣ ಕಾಳುಗಳಂಥ ಅವಗುಣಗಳನ್ನೂ ಹೊತ್ತು ತರುತ್ತಾನೆ. ಅವನ್ನು ನೀಗಲು ಹಲವು ತಲೆಮಾರುಗಳ ಮರುಸಂಕರ ಬೇಕು. ಲಾಭದ ಲೆಕ್ಕವೊಂದನ್ನೇ ನೋಡುವವರಿಗೆ ಅಷ್ಟು ತಾಳ್ಮೆಯೆಲ್ಲಿಯದು? ಆದ್ದರಿಂದಲೇ ಇದು ಸಾರ್ವಜನಿಕ ಹಣದಿಂದ ನಡೆಯಬೇಕಾದ ಕಾರ್ಯ.

ಇನ್ನು ಆ ಶಿಷ್ಯನಿಗೆ ಉತ್ತರ. ತಿದ್ದುವ ಲೇಖನಿ ಕೈಯಲ್ಲಿದ್ದರೆ ಸಾಲದಪ್ಪ, ಏನು ಬರೆಯಬೇಕೆಂಬುದೂ ತಿಳಿದಿರಬೇಕು. ಆ ಪಾಠ ಕಾಡುಹುಲ್ಲಿನೊಳಗಿದೆ. ಗ್ರಂಥಾಲಯವನ್ನು ಸುಟ್ಟು ಲೇಖನಿಯನ್ನು ಹೊಗಳುವುದು ಯಾವ ಜಾಣತನ?

ಬೀಜಭಂಡಾರಗಳಿವೆಯಲ್ಲ ಎನ್ನಬಹುದು. ಸಿರಿಯಾದ ಅಲೆಪ್ಪೊ ಬಳಿ ಇಕಾರ್ಡಾ ಸಂಸ್ಥೆಯ ದೊಡ್ಡ ಭಂಡಾರವಿತ್ತು. ಯುದ್ಧದಿಂದ ಅದು ಕೈತಪ್ಪಲಾಗಿ, ಧ್ರುವಪ್ರದೇಶದ ಸ್ವಾಲ್ಬಾರ್ಡ್‌ನಲ್ಲಿ ಇರಿಸಿದ್ದ ಪ್ರತಿಬೀಜಗಳನ್ನು 2015ರಲ್ಲಿ ಹಿಂಪಡೆದು ಲೆಬನಾನ್, ಮೊರಾಕ್ಕೊಗಳಲ್ಲಿ ಬೆಳೆಸಬೇಕಾಯಿತು. ಭಂಡಾರ ಅವಶ್ಯ, ನಿಜ. ಆದರೆ ಹಿಮದಲ್ಲಿಟ್ಟ ಬೀಜ ಹೊಸ ಪಾಠ ಕಲಿಯದು. ಬೆಟ್ಟದ ಹುಲ್ಲು ಪ್ರತಿವರ್ಷದ ಬಿಸಿಲಿಗೂ ರೋಗಕ್ಕೂ ಎದುರು ನಿಂತು ಕಲಿಯುತ್ತಲೇ ಇರುತ್ತದೆ. ಅದರ ನೆಲೆಯೂ ಉಳಿಯಬೇಕು.

ತಿದ್ದುಪಡಿಯನ್ನು ಬರೆದುಕೊಳ್ಳಿ: 'ಕಳೆ ಎಂದರೆ ಇಂದು ನಮಗೆ ಬೇಡವೆನಿಸಿದ ಸಸ್ಯ.' 'ಇಂದು' ಎಂಬ ಪದದ ಕೆಳಗೆ ಗೆರೆ ಎಳೆಯಿರಿ.