ಬೆಳಗಿನ ಆರಕ್ಕೆ ಒಂದು ಮೈದಾನ ಕೊಡಿ
ಪ್ಯಾರೀಸ್ ಕಾರ್ನರ್ ಸುತ್ತಲಿನ ಕನ್ನಡ ಸ್ಕೌಟ್–ಗೈಡ್ ಮಕ್ಕಳ ಹಕ್ಕೊತ್ತಾಯ ಪತ್ರ

ಇವರಿಗೆ: ಚೆನ್ನೈಯ ಕನ್ನಡ ಸಂಘಗಳ ಪದಾಧಿಕಾರಿಗಳು, ಜಿಲ್ಲೆಯ ಹಾಗೂ ಕರ್ನಾಟಕದ ಸ್ಕೌಟ್–ಗೈಡ್ ಮುಖ್ಯಸ್ಥರು, ಪಾಲಿಕೆಯ ವಲಯ ಅಧಿಕಾರಿಗಳು, ಜಾರ್ಜ್ ಟೌನಿನ ಶಾಲೆಗಳ ಆಡಳಿತದವರು, ನಮ್ಮ ಹೋಟೆಲು ಮಾಲೀಕರು, ಮತ್ತು ನಮ್ಮ ನಮ್ಮ ಅಪ್ಪ ಅಮ್ಮಂದಿರು.



ರಜೆಯಲ್ಲಿ ಊರಿಗೆ ಹೋದರೆ ಕುಂದಾಪುರದ ಕಡೆಯ ನೆಂಟರು ಇವತ್ತಿಗೂ ಅದೇ ಹಳೆಯ ತಮಾಷೆ ಮಾಡುತ್ತಾರೆ: "ಪ್ಯಾರಿಸ್ಸಿನಲ್ಲಿದ್ದೀರಂತೆ, ಸೆಂಟು ತಂದಿರಾ?" ನಮ್ಮ ಪ್ಯಾರೀಸ್‌ಗೆ ಹೆಸರು ಬಂದದ್ದು 1788ರಲ್ಲಿ ಮದ್ರಾಸಿಗೆ ಬಂದಿಳಿದ ಥಾಮಸ್ ಪ್ಯಾರಿ ಎಂಬ ವೇಲ್ಸಿನ ವ್ಯಾಪಾರಿಯಿಂದ. ಸೆಂಟು ಬೇಕಿದ್ದರೆ ಬರ್ಮಾ ಬಜಾರಿನಲ್ಲಿ ಸಿಗುತ್ತದೆ. ಬಟ್ಟೆ ಗೋಡೌನ್ ಬೀದಿಯಲ್ಲಿ, ಕಾಗದ ಆಂಡರ್ಸನ್ ಬೀದಿಯಲ್ಲಿ ಸಿಗುತ್ತದೆ. ಮಕ್ಕಳು ಸಾಲಾಗಿ ನಿಂತು ಒಂದು ಬಾವುಟ ಏರಿಸುವಷ್ಟು ಜಾಗ ಮಾತ್ರ ಇಲ್ಲಿ ಯಾವ ಬೀದಿಯಲ್ಲೂ ಸಿಗುವುದಿಲ್ಲ.

ನಾವು ಹತ್ತರಿಂದ ಹದಿನೇಳು ವರ್ಷದವರು. ಹೋಟೆಲಿನ ಅಡುಗೆಯವರ, ಸಪ್ಲೈಯರ್‌ಗಳ, ಗುಮಾಸ್ತರ, ಸಣ್ಣ ಅಂಗಡಿಯವರ ಮಕ್ಕಳು. (ಬರೆದುಕೊಟ್ಟವನು ನಾನು, ಹಳೆಯ ಸ್ಕೌಟ್, ಈಗ ಕ್ಯಾಶ್ ಕೌಂಟರಿನಲ್ಲಿ ಕೂರುವವನು. ಹೇಳಿದ್ದೆಲ್ಲ ಮಕ್ಕಳು. ನಡುವೆ ನಾನು ಬಾಯಿ ಹಾಕಿದ್ದರೆ ಮನ್ನಿಸಿ.)

ಕೇಳುವ ಮೊದಲು, ನಾವು ಯಾವ ನೆಲದ ಮೇಲೆ ನಿಂತು ಕೇಳುತ್ತಿದ್ದೇವೆ ಎನ್ನುವುದನ್ನು ಹೇಳಿಬಿಡುತ್ತೇವೆ. ಭಾರತದ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲಿ ಶುರುವಾಯಿತು. ಶುರು ಮಾಡಿದವರು ಕ್ಯಾಪ್ಟನ್ ಟಿ.ಎಚ್. ಬೇಕರ್. ಆದರೆ ಅಂದಿನ ದಳಗಳು ಯುರೋಪಿಯನ್, ಆಂಗ್ಲೋ ಇಂಡಿಯನ್ ಹುಡುಗರಿಗೆ. ಈ ದೇಶದ ಹುಡುಗರಿಗೆ ಬಾಗಿಲು ಮುಚ್ಚಿತ್ತು. ಮುಚ್ಚಿದ ಬಾಗಿಲಿನ ಮುಂದೆ ಕಾಯುವ ಸ್ವಭಾವ ಆನಿ ಬೆಸೆಂಟರದಲ್ಲ. 1916ರಲ್ಲಿ ಅವರು, ಜಾರ್ಜ್ ಅರುಂಡೇಲ್ ಜೊತೆ ಸೇರಿ, ಇದೇ ಮದ್ರಾಸಿನಲ್ಲಿ ಭಾರತೀಯ ಹುಡುಗರಿಗೆಂದೇ ಬೇರೆ ಸ್ಕೌಟ್ ಸಂಸ್ಥೆ ಕಟ್ಟಿದರು. 1921ರಲ್ಲಿ ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ ತಾವೇ ಭಾರತಕ್ಕೆ ಬಂದ ಮೇಲೆ ಬೆಸೆಂಟರ ಸಂಸ್ಥೆ ಅವರ ದೊಡ್ಡ ಸಂಸ್ಥೆಯೊಳಕ್ಕೆ ಸೇರಿತು. ಅದಕ್ಕೂ ಮೊದಲು, 1914ರಲ್ಲಿ, ಯುವಕರಿಗಾಗಿ ಬೆಸೆಂಟರು ಹುಟ್ಟುಹಾಕಿದ ಸಂಘದ ಗೋಖಲೆ ಹಾಲ್ ನಮ್ಮ ಆರ್ಮೇನಿಯನ್ ಬೀದಿಯಲ್ಲೇ ಇದೆ. ಟ್ಯೂಷನ್ನಿಗೆ ಹೋಗುವಾಗ ನಮ್ಮಲ್ಲಿ ಅರ್ಧ ಜನ ಅದರ ಮುಂದೆಯೇ ನಡೆಯುತ್ತೇವೆ. ಅಂಥ ಬೀದಿಯ ಮಕ್ಕಳಿಗೆ ಇವತ್ತು ಬಾಗಿಲನ್ನು ಯಾರೂ ಮುಚ್ಚಿಲ್ಲ, ನಿಜ. ಬಾಗಿಲು ಎಲ್ಲಿದೆ ಎಂದು ಹೇಳುವವರೂ ಇಲ್ಲ.

ನಮ್ಮ ಹಕ್ಕೊತ್ತಾಯಗಳು ಇವು.

1. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಬೆಳಗ್ಗೆ 6ರಿಂದ 8ರವರೆಗೆ, ಜಾರ್ಜ್ ಟೌನಿನ ಒಂದು ಶಾಲೆಯ ಅಂಗಳ ನಮಗೆ ತೆರೆದಿರಬೇಕು. ಈಗ ನಾವು ಸೇರುವುದು ಒಂದು ಕಟ್ಟಡದ ತಾರಸಿಯಲ್ಲಿ. ಅಲ್ಲಿ ನೀರಿನ ಟ್ಯಾಂಕು, ಒಣಹಾಕಿದ ಸೀರೆ, ಹಪ್ಪಳ. ಡೇರೆ ಕಟ್ಟುವ ಪಾಠದ ದಿನ ಗೂಟ ಹೊಡೆಯಲು ಮಣ್ಣಿಲ್ಲದೆ ಟ್ಯಾಂಕಿನ ಪೈಪಿಗೆ ಹಗ್ಗ ಕಟ್ಟಿದೆವು. ಪೈಪು ಕೈಗೆ ಬಂತು, ಕೆಳಗಿನ ಮೂರು ಮನೆಗೆ ನೀರು ನಿಂತಿತು. ಆವತ್ತು ನಾವು ಕಲಿತದ್ದು ಪ್ಲಂಬರನ್ನು ಹುಡುಕುವ ಕೆಲಸ. ಶಾಲೆಯ ಅಂಗಳಗಳು ರಜೆಯ ಆರು ವಾರ ಬೀಗ ಹಾಕಿಕೊಂಡು ಬಿದ್ದಿರುತ್ತವೆ. ಕಾವಲುಗಾರರಿಗೆ ಕೊಡಬೇಕಾದ ಹೆಚ್ಚಿನ ಸಂಬಳವನ್ನು ಸಂಘಗಳು ಹಂಚಿಕೊಳ್ಳಲಿ. ಎಂಟು ಗಂಟೆಗೆ ಅಂಗಳ ಗುಡಿಸಿ ಬೀಗದ ಕೈ ಒಪ್ಪಿಸುವುದು ನಮ್ಮ ಕೆಲಸ. ಹೀಗೆ ಬರೆದು ಸಹಿ ಹಾಕಿಕೊಡುತ್ತೇವೆ.

2. ಸುದ್ದಿ ನಮಗೆ ಹೊತ್ತಿಗೆ ಸರಿಯಾಗಿ ಬರಬೇಕು. 2025ರ ಜನವರಿ 28ರಿಂದ ಫೆಬ್ರವರಿ 3ರವರೆಗೆ ತಿರುಚ್ಚಿ ಹತ್ತಿರದ ಮಣಪ್ಪಾರೈಯಲ್ಲಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ವಜ್ರ ಮಹೋತ್ಸವದ ಜಾಂಬೂರಿ ನಡೆಯಿತು. ದೇಶದ ಮೂಲೆಮೂಲೆಯಿಂದ ಮಕ್ಕಳು ಬಂದರು. ಚೆನ್ನೈಯಿಂದ ಹಗಲಿನ ಒಂದು ರೈಲುಪಯಣದ ದೂರ. ನಮ್ಮವರಿಗೆ ವಿಷಯ ಗೊತ್ತಾದದ್ದು ಟಿ.ವಿ.ಯಲ್ಲಿ ನೋಡಿದ ಮೇಲೆ. ಕಾಗದ ಯಾವ ಮೇಜಿನ ಮೇಲೆ ಮಲಗಿತ್ತೋ, ಆ ಮೇಜನ್ನು ಹುಡುಕಿಕೊಂಡು ಹೋಗುವ ಆಸೆ ನಮಗಿಲ್ಲ. ಇನ್ನು ಮುಂದೆ ಶಿಬಿರ, ಪರೀಕ್ಷೆ, ಜಾಂಬೂರಿ, ಹೆಸರು ನೋಂದಾಯಿಸುವ ಕೊನೆಯ ದಿನ, ಇವಿಷ್ಟನ್ನು ಕನ್ನಡದಲ್ಲೂ ತಮಿಳಿನಲ್ಲೂ ಬರೆದು ನಾಲ್ಕು ಕಡೆ ಅಂಟಿಸಬೇಕು: ಒಂದು ಸಂಘದ ಬಾಗಿಲಲ್ಲಿ, ಒಂದು ಶಾಲೆಯಲ್ಲಿ, ಎರಡು ಹೋಟೆಲಿನ ಕೈತೊಳೆಯುವ ಜಾಗದಲ್ಲಿ. ಹೋಟೆಲೇ ಏಕೆಂದರೆ, ನಮ್ಮ ಅಪ್ಪಂದಿರು ದಿನಕ್ಕೆ ಹದಿನಾಲ್ಕು ಗಂಟೆ ಅಲ್ಲೇ ಇರುತ್ತಾರೆ. ವಾಟ್ಸಾಪ್ ಗುಂಪಿಗೆ ಹಾಕಿದೆ ಎನ್ನುವ ಉತ್ತರ ಬೇಡ. ಆ ಗುಂಪಿನಲ್ಲಿ ಶುಭೋದಯದ ಗುಲಾಬಿಗಳ ಕೆಳಗೆ ಎಷ್ಟೋ ಸುದ್ದಿ ಸಮಾಧಿಯಾಗಿವೆ.

3. ಕರ್ನಾಟಕದ ಶಿಬಿರಗಳಲ್ಲಿ ಹೊರನಾಡ ಮಕ್ಕಳಿಗೂ ಒಂದಿಷ್ಟು ಜಾಗ ಮೀಸಲಿಡಿ. ಆ ಶಿಬಿರಗಳನ್ನು ಮೇ ತಿಂಗಳಲ್ಲಿ ಇಡಿ. ದೊಡ್ಡಬಳ್ಳಾಪುರದಲ್ಲಿ ಸ್ಕೌಟ್‌ಗಳ ಆನಿ ಬೆಸೆಂಟ್ ಪಾರ್ಕ್ ಇದೆ, ದಾವಣಗೆರೆ ಸೀಮೆಯ ಕೊಂಡಜ್ಜಿಯಲ್ಲಿ ಶಿಬಿರದ ನೆಲ ಇದೆ. ತೊಡಕು ಪಂಚಾಂಗದ್ದು: ಕರ್ನಾಟಕದ ಶಾಲೆಗಳು ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಬಾಗಿಲು ಹಾಕುತ್ತವೆ, ಶಿಬಿರಗಳೂ ಆಗಲೇ ಶುರು. ಆಗ ನಾವು ಇಲ್ಲಿ ಪರೀಕ್ಷೆ ಬರೆಯುತ್ತಿರುತ್ತೇವೆ. ಬೆಸೆಂಟರ ಊರಿನ ಮಕ್ಕಳು ಬೆಸೆಂಟರ ಹೆಸರಿನ ತೋಪನ್ನು ಕಾಣದೆ ಹತ್ತನೇ ಕ್ಲಾಸು ದಾಟುವುದು ಚೆನ್ನಾಗಿಲ್ಲ.

4. ಬಿಸಿಲಿನ ಕಟ್ಟಳೆ ಬರವಣಿಗೆಯಲ್ಲಿ ಇರಲಿ. 2003ರ ಮೇ 31ರಂದು ನುಂಗಂಬಾಕ್ಕಂನಲ್ಲಿ 45 ಡಿಗ್ರಿ ಮುಟ್ಟಿದ ಊರು ಇದು. ಮೇ ತಿಂಗಳ ಕತ್ತರಿ ಬಿಸಿಲಿನ ದಿನಗಳಲ್ಲಿ ಕಡಲ ಗಾಳಿ ಬರುವುದು ತಡವಾಗುತ್ತದೆ. ಅಲ್ಲಿಯವರೆಗೆ ಡಾಂಬರು ಕಾದು ಚಪ್ಪಲಿ ಅಂಟುತ್ತದೆ. ಬೆಳಗ್ಗೆ ಎಂಟರ ನಂತರ, ಸಂಜೆ ಐದರ ಮೊದಲು ಕವಾಯತು ಬೇಡ. ಅತಿಥಿಗಳು ತಡವಾಗಿ ಬಂದರೆಂದು ಮಕ್ಕಳನ್ನು ಬಿಸಿಲಿನಲ್ಲಿ ಸಾಲು ನಿಲ್ಲಿಸುವುದಂತೂ ಬೇಡವೇ ಬೇಡ. (ಇದನ್ನು ಹೇಳಿದ ಹುಡುಗಿ ಹೋದ ವರ್ಷ ತಲೆಸುತ್ತಿ ಬಿದ್ದವಳು. ಅವಳು ಬಿದ್ದ ಮೇಲೆ ಅತಿಥಿಗಳು ಬಂದು, ಶಿಸ್ತಿನ ಬಗ್ಗೆ ಮಾತಾಡಿದರು.)

5. ಭಾಷೆಯ ಮಾತು. ನಮ್ಮ ತಲೆಯೊಳಗೆ ಹೇಗಿದೆ ನೋಡಿ. ಮನೆಯಲ್ಲಿ ಕುಂದಗನ್ನಡ, ಕೆಲವರಿಗೆ ತುಳು. ಬೀದಿಯಲ್ಲಿ ಮದ್ರಾಸಿನ ತಮಿಳು. ಶಾಲೆಯಲ್ಲಿ ತಮಿಳು, ಇಂಗ್ಲಿಷು. ಸ್ಕೌಟ್ ಪ್ರಾರ್ಥನೆ, ಝಂಡಾ ಗೀತೆ ಹಿಂದಿಯಲ್ಲಿ. ಪುಸ್ತಕ ಇಂಗ್ಲಿಷಿನಲ್ಲಿ. ಇದರಲ್ಲಿ ಯಾವುದರ ಮೇಲೂ ನಮಗೆ ಮುನಿಸಿಲ್ಲ. ತಮಿಳಿನಲ್ಲಿ ಜಗಳವಾಡುವಷ್ಟು ಚೆನ್ನಾಗಿ ನಮಗೆ ಬೇರಾವ ಭಾಷೆಯಲ್ಲೂ ಆಡಲು ಬರುವುದಿಲ್ಲ. ಆದರೆ ಕನ್ನಡ ನಮ್ಮ ಬಾಯಲ್ಲಿದೆ, ಕಣ್ಣಿಗೆ ಬಂದಿಲ್ಲ. ಅಜ್ಜಿ ಕಳಿಸಿದ ಕಾಗದವನ್ನು ಅಪ್ಪ ಓದಿ ಹೇಳಬೇಕು. ಕರ್ನಾಟಕ ಸಂಘದ ಶಾಲೆ ಇರುವುದು ತ್ಯಾಗರಾಯನಗರದಲ್ಲಿ, ಊರಿನ ಇನ್ನೊಂದು ಮಗ್ಗುಲಲ್ಲಿ. ದಿನಾ ಹೋಗಿಬರುವ ಮಾತಲ್ಲ.

ಆದ್ದರಿಂದ: (ಅ) ರಜೆಯ ಆರು ವಾರ, ವಾರಕ್ಕೆ ಮೂರು ದಿನ, ಮೈದಾನದ ಪಾಠ ಮುಗಿದ ಮೇಲೆ ಅರ್ಧ ಗಂಟೆ ಅಕ್ಷರ ಕಲಿಸಲು ಸಂಘಗಳು ಒಬ್ಬರನ್ನು ಕಳಿಸಿ. ಮೊದಲು ವರ್ಣಮಾಲೆಯ ಪಟ್ಟಿ ಹಿಡಿಸಬೇಡಿ. ಜಾಡು ಹಿಡಿಯುವ ಆಟದ ಗುರುತಿನ ಚೀಟಿಗಳನ್ನು ಕನ್ನಡದಲ್ಲಿ ಬರೆದಿಡಿ. ಓದಲು ಬಾರದವನಿಗೆ ದಾರಿ ಸಿಗುವುದಿಲ್ಲ. ಎರಡನೇ ದಿನಕ್ಕೆ ತಾನೇ ಕಲಿಯುತ್ತಾನೆ. (ಆ) ಪ್ರವೇಶದಿಂದ ತೃತೀಯ ಸೋಪಾನದವರೆಗಿನ ಪಾಠಗಳ ಕನ್ನಡ ಪುಸ್ತಕಗಳನ್ನು ಕರ್ನಾಟಕದಿಂದ ತರಿಸಿಕೊಡಿ. (ಇ) ಶಿಬಿರಾಗ್ನಿಯಲ್ಲಿ ಕನ್ನಡ ಹಾಡಿಗೂ ತಮಿಳು ಹಾಡಿಗೂ ಸಮಪಾಲು ಇರಲಿ. ಸಿಪಾಯಿಗಳ 'ಟಿಪೆರರಿ' ಧಾಟಿಯನ್ನು ಎತ್ತಿಕೊಂಡು ಕೈಲಾಸಂ ತಿಪ್ಪಾರಳ್ಳಿಯ ಹಾಡು ಕಟ್ಟಿದರಲ್ಲ, ಬೆಂಕಿಯ ಸುತ್ತ ಕೂತು ಹಾಡಲು ಅದಕ್ಕಿಂತ ಒಳ್ಳೆಯದು ನನಗಂತೂ ಗೊತ್ತಿಲ್ಲ. ಇದು ಮಕ್ಕಳದಲ್ಲ, ನನ್ನ ಶಿಫಾರಸು.

6. ಗೈಡ್ ಹುಡುಗಿಯರಿಗೆ ಗೈಡ್ ಕ್ಯಾಪ್ಟನ್ ಬೇಕು. ಹನ್ನೊಂದು ಹುಡುಗಿಯರು ಸೇರಿದ್ದಾರೆ. ತರಬೇತಿ ಪಡೆದ ಹೆಂಗಸರು ಒಬ್ಬರೂ ಇಲ್ಲ. ಹಾಗಾಗಿ ರಾತ್ರಿ ತಂಗುವ ಶಿಬಿರ ಎಂದೊಡನೆ ಮನೆಗಳಲ್ಲಿ "ಗಂಡುಹುಡುಗರು ಹೋಗಲಿ" ಎನ್ನುತ್ತಾರೆ. ನಮ್ಮ ತಾಯಂದಿರಲ್ಲಿ ಇಬ್ಬರು ತರಬೇತಿಗೆ ಹೋಗಲು ತಯಾರಿದ್ದಾರೆ. ಅವರ ಶುಲ್ಕ, ಓಡಾಟದ ಖರ್ಚು ಕೊಡಿ. ಮತ್ತು, ಅಪ್ಪಂದಿರೆ, ಆ ಒಂದು ವಾರ ಮನೆಯ ಅಡುಗೆ ನೀವು ಮಾಡಿ. ಊರಿಗೆಲ್ಲ ಅಡುಗೆ ಮಾಡಿ ಬಡಿಸುವವರಿಗೆ ಇದೇನು ಕಷ್ಟವಲ್ಲ. ಶಿಬಿರದ ಜಾಗದಲ್ಲಿ ಬೀಗ ಹಾಕಿಕೊಳ್ಳಬಹುದಾದ, ನೀರು ಬರುವ ಕಕ್ಕಸು ಇದೆಯೇ ಎಂದು ಮೊದಲೇ ಹೋಗಿ ನೋಡಿಬರಬೇಕು.

7. ತಿಂಗಳಿಗೆ ಎರಡು ಹೊರಸಂಚಾರ. ಬಸ್ಸು ಬಾಡಿಗೆಗೆ ಬೇಡ. ಬೀಚ್ ಸ್ಟೇಷನ್ ನಡೆದು ಹೋಗುವಷ್ಟು ಹತ್ತಿರ. ತಾಂಬರಂ ಲೋಕಲ್ ಹತ್ತಿ ಪರಂಗಿಮಲೆಗೆ ಹೋಗಬೇಕೆಂದಿದ್ದೇವೆ. ನಕಾಶೆ ಓದುವ ಪಾಠಕ್ಕೆ ಅದಕ್ಕಿಂತ ಹಿರಿಯ ಜಾಗ ಇಡೀ ದೇಶದಲ್ಲಿಲ್ಲ: ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್ 10ರಂದು, ನೂರು ಅಡಿಯ ಉಕ್ಕಿನ ಸರಪಳಿ ಹಾಸಿ ಅಡಿಗೆರೆ ಅಳೆಯುವ ಮೂಲಕ, ಭಾರತವನ್ನೇ ಅಳೆಯುವ ಕೆಲಸವನ್ನು ಆ ಬೆಟ್ಟದ ಹತ್ತಿರ ಶುರು ಮಾಡಿದ. 1804ರಲ್ಲಿ ಇನ್ನೊಂದು ಅಡಿಗೆರೆ ಅಳೆದದ್ದು ಬೆಂಗಳೂರಿನಲ್ಲಿ. ನಮ್ಮ ಎರಡೂ ಊರುಗಳನ್ನು ಮೊದಲು ಗೆರೆ ಎಳೆದು ಸೇರಿಸಿದವನು ಅವನೇ ಎಂದು ಒಬ್ಬ ಹುಡುಗ ಹೇಳಿದ, ನನಗೆ ಹೌದೆನಿಸಿತು. ಇನ್ನೊಂದು ಸಂಚಾರ ಪಳವೇರ್ಕಾಡಿನ ಸರೋವರಕ್ಕೆ, ಹಕ್ಕಿ ನೋಡಲು. ಎತ್ತರ ಅಂದಾಜು ಮಾಡುವ ಪರೀಕ್ಷೆಗೆ ದೂರ ಹೋಗಬೇಕಿಲ್ಲ. ಹೈಕೋರ್ಟಿನ ಆವರಣದಲ್ಲಿ 1844ರ ಹಳೆಯ ದೀಪಸ್ತಂಭ ಇದೆ. ಅದರ ನೆರಳನ್ನು ಒಂದು ಬೆಳಗ್ಗೆ ಅಳೆಯಲು ಅನುಮತಿ ಕೊಡಿಸಿ. ನೆರಳು ಯಾರ ಕಕ್ಷಿಯೂ ಅಲ್ಲ.

8. ಗಂಟು ಕಲಿಸಲು ಹೊರೆಯಾಳುಗಳನ್ನು ಕರೆಸಿ, ಅವರಿಗೆ ಗೌರವಧನ ಕೊಡಿ. ರೀಫ್ ನಾಟ್, ಕ್ಲೋವ್ ಹಿಚ್, ಬೋಲೈನ್ ಎಲ್ಲ ಪುಸ್ತಕದಲ್ಲಿ ಚಿತ್ರ ನೋಡಿ ಕಲಿತೆವು. ಗೋಡೌನ್ ಬೀದಿಯಲ್ಲಿ ಮೀನ್‌ಬಾಡಿ ಎನ್ನುವ ಮೂರು ಚಕ್ರದ ಸರಕು ಗಾಡಿಯ ಮೇಲೆ ಆಳೆತ್ತರ ಬಟ್ಟೆಯ ಮೂಟೆ ಪೇರಿಸಿ ಒಂದೇ ಹಗ್ಗದಲ್ಲಿ ಬಿಗಿಯುವ ಅಣ್ಣಂದಿರನ್ನು ನೋಡಿದ ಮೇಲೆ ನಮ್ಮ ಗಂಟುಗಳ ಬಗ್ಗೆ ನಮಗೇ ನಾಚಿಕೆಯಾಯಿತು. ಅವರ ಗಂಟು ಎಷ್ಟೇ ಭಾರಕ್ಕೂ ಜಗ್ಗುವುದಿಲ್ಲ, ಬಿಚ್ಚಬೇಕೆಂದರೆ ತುದಿ ಎಳೆದರೆ ಸಾಕು. ಹೆಸರು ಕೇಳಿದರೆ ನಕ್ಕರು. ಕೈಗೆ ಬಂದ ಕೆಲಸಕ್ಕೆ ಹೆಸರೇಕೆ?

9. ಸಮವಸ್ತ್ರ, ಸ್ಕಾರ್ಫ್, ಬೆಲ್ಟಿಗೆ ಸಾಲದ ಪೆಟ್ಟಿಗೆಯೊಂದು ಇರಲಿ. ಬೆಳೆದು ಬಿಗಿಯಾದವನ ಅಂಗಿ ಮುಂದಿನವನಿಗೆ. ಯಾರಿಗೆ ಯಾರ ಅಂಗಿ ಹೋಯಿತೆಂದು ಸಭೆಯಲ್ಲಿ ಹೇಳಕೂಡದು, ಫೋಟೋ ತೆಗೆಯಕೂಡದು.

10. ಈಜು ಕಲಿಸಿ, ಆದರೆ ಕಡಲಿನಲ್ಲಿ ಬೇಡ. ಕಡಲು ಕಣ್ಣೆದುರೇ ಇದೆ, ಮರೀನಾದ ಸೆಳೆತ ಎಂಥದೆಂದು ಇಲ್ಲಿ ಎಲ್ಲರಿಗೂ ಗೊತ್ತು. ಪಾಲಿಕೆಯ ಈಜುಕೊಳದಲ್ಲಿ ವಾರಕ್ಕೊಂದು ಬೆಳಗ್ಗೆ ನಮಗೆ ಕೊಡಿ. ಪ್ರಥಮ ಚಿಕಿತ್ಸೆಯನ್ನು ನರ್ಸ್ ಒಬ್ಬರೇ ಕಲಿಸಲಿ. ಸುಟ್ಟ ಗಾಯದ ಪಾಠ ಎರಡು ಸಲ ಆಗಲಿ. ಕಾದ ಎಣ್ಣೆ, ಕುದಿಯುವ ಸಾಂಬಾರಿನ ಪಕ್ಕದಲ್ಲೇ ನಮ್ಮ ಮನೆಯವರ ಕೆಲಸ. ಪ್ರತಿ ಶಿಬಿರಕ್ಕೂ ಪೋಷಕರ ಲಿಖಿತ ಒಪ್ಪಿಗೆ ಇರಲಿ. ಆಂಬುಲೆನ್ಸಿನ 108, ಮಕ್ಕಳ ಸಹಾಯವಾಣಿಯ 1098 ಎರಡೂ ಸಂಖ್ಯೆ ಪ್ರತಿ ಮಗುವಿನ ಜೇಬಿನ ಚೀಟಿಯಲ್ಲಿರಲಿ.

11. ಹೋಟೆಲು ಮಾಲೀಕರಿಗೆ ಪ್ರತ್ಯೇಕವಾಗಿ. ವುಡ್‌ಲ್ಯಾಂಡ್ಸ್ ಕಟ್ಟಿದ ಕೃಷ್ಣರಾಯರು ಮದ್ರಾಸಿನಲ್ಲಿ ಮೊದಲು ಹೋಟೆಲು ನಡೆಸಿದ್ದು ಇದೇ ಜಾರ್ಜ್ ಟೌನಿನ ಆಚಾರಪ್ಪನ್ ಬೀದಿಯಲ್ಲಿ, 1920ರ ದಶಕದಲ್ಲಿ. ಅವರೂ ಬರುವಾಗ ಕೆಲಸಕ್ಕೆಂದು ಬಂದ ಹುಡುಗನೇ. ನಿಮ್ಮಲ್ಲೂ ಬಹಳ ಜನ ಹಾಗೆ ಬಂದವರು, ಬಾಲ್ಯದ ಬೇಸಿಗೆಗಳನ್ನು ಲೋಟ ತೊಳೆಯುತ್ತಾ ಕಳೆದವರು. ನಮಗೆ ದೇಣಿಗೆಯ ಫಲಕ ಬೇಡ. ಮಕ್ಕಳ ಶಿಬಿರದ ಮೊದಲ ದಿನ ಮತ್ತು ಕೊನೆಯ ದಿನ ಅವರ ಅಪ್ಪಂದಿರಿಗೆ ಸಂಬಳ ಹಿಡಿಯದೆ ಅರ್ಧ ದಿನ ರಜೆ ಕೊಡಿ. ಶಿಬಿರಾಗ್ನಿಯ ರಾತ್ರಿ ಮಗ ಹಾಡುವುದನ್ನು ಅಪ್ಪ ಕೇಳಿದ ಉದಾಹರಣೆ ನಮ್ಮ ಗುಂಪಿನಲ್ಲಿ ಇನ್ನೂ ಒಂದೂ ಇಲ್ಲ.

ಉತ್ತರವನ್ನು ಏಪ್ರಿಲ್ 15ರೊಳಗೆ ಬರವಣಿಗೆಯಲ್ಲಿ ಕೊಡಿ. ಆಗುವುದಿಲ್ಲ ಎನ್ನುವುದಿದ್ದರೆ ಯಾವ ಸಂಖ್ಯೆಯದು ಆಗುವುದಿಲ್ಲ ಎಂದು ಬರೆಯಿರಿ. ಉಳಿದವನ್ನು ಹಿಡಿದು ಕೆಲಸ ಶುರು ಮಾಡುತ್ತೇವೆ. ಮಾತಾಡಬೇಕೆನ್ನುವವರು ಯಾವುದೇ ಭಾನುವಾರ ಬೆಳಗ್ಗೆ ಆರಕ್ಕೆ ತಾರಸಿಗೆ ಬನ್ನಿ. ಲಿಫ್ಟ್ ಇಲ್ಲ, ನಾಲ್ಕು ಮಹಡಿ ಹತ್ತಬೇಕು. ಇಡ್ಲಿ ನಮ್ಮ ಕಡೆಯಿಂದ.